ಬೇರು, ಗುಳಿಗೆ ಮತ್ತು ಸೋಲಿಗರ ಮೇಲಿನ ಅಪವಾದ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಆರೋಗ್ಯದ ಮಾತು ಸಭೆಗಳಲ್ಲಿ ಬಂದಾಗಲೆಲ್ಲ ನಾವು ಎರಡು ಬಗೆಯ ಪಂಡಿತರನ್ನು ಕಾಣುತ್ತೇವೆ. "ಕಾಡಿನವರಿಗೆ ಬೇರುನಾರುಗಳೇ ಸಾಕು, ಗುಳಿಗೆ ಸೂಜಿಗಳಿಂದಲೇ ಅವರು ಕೆಟ್ಟರು" ಎಂದು ನಿಟ್ಟುಸಿರು ಬಿಡುವವರು ಒಂದು ಬಗೆ. "ಅವರ ಅಜ್ಞಾನದಿಂದಲೇ ಪ್ರತಿಜೀವಕ ಔಷಧಗಳು ನಿಷ್ಫಲವಾಗುತ್ತಿವೆ" ಎಂದು ಹುಬ್ಬುಗಂಟಿಕ್ಕುವವರು ಇನ್ನೊಂದು ಬಗೆ. ಇಬ್ಬರ ಮಾತೂ ನಮಗೆ ಒಪ್ಪಿತವಲ್ಲ.

ಮೊದಲಿನವರಿಗೆ ಹೆಚ್ಚು ಉತ್ತರ ಬೇಕಿಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗವುಂಟು. ರಕ್ತಕಣವು ಕುಡುಗೋಲಿನಂತೆ ಬಾಗುವುದರಿಂದ ಅದಕ್ಕೆ ಆ ಹೆಸರು. ಈ ರೋಗವಿರುವ ಶಿಶುವಿನ ಪ್ಲೀಹವು ಎಳವೆಯಲ್ಲಿಯೇ ಕೆಡುವುದರಿಂದ ನ್ಯುಮೋಕಾಕಸ್ ಎಂಬ ಸೂಕ್ಷ್ಮಾಣುವಿನೆದುರು ಅದು ನಿರಾಯುಧವಾಗಿ ನಿಲ್ಲುತ್ತದೆ. 1986ರಲ್ಲಿ ಪ್ರಕಟವಾದ ಅಮೆರಿಕೆಯ ಪರೀಕ್ಷೆಯೊಂದರಲ್ಲಿ, ದಿನಕ್ಕೆರಡಾವರ್ತಿ ಪೆನಿಸಿಲಿನ್ ಪಡೆದ ಇಂಥ ಮಕ್ಕಳಲ್ಲಿ ಸೋಂಕು ನೂರಕ್ಕೆ 84ರಷ್ಟು ಕಡಮೆಯಾಯಿತು. ಫಲವು ಅಷ್ಟು ನಿಚ್ಚಳವಾದುದರಿಂದ ಪರೀಕ್ಷೆಯನ್ನೇ ಎಂಟು ತಿಂಗಳು ಮುಂಚಿತವಾಗಿ ನಿಲ್ಲಿಸಬೇಕಾಯಿತು. ಆ ಕೂಸಿನ ತಾಯಿಗೆ "ಬೇರು ಸಾಕು" ಎನ್ನುವ ಧೈರ್ಯ ಯಾರಿಗಿದೆ? ಬೇರುಗಳೆಲ್ಲ ನಿರಪಾಯಕಾರಿಗಳೂ ಅಲ್ಲ. ಹಾವಿನ ವಿಷಕ್ಕೆಂದು ನಾಡಿನಲ್ಲೆಲ್ಲ ಬಳಸುವ ಈಶ್ವರಿ ಬಳ್ಳಿಯಲ್ಲಿ ಮೂತ್ರಪಿಂಡವನ್ನು ಕೆಡಿಸುವ ಆಮ್ಲವುಂಟೆಂದು ಈಗ ತಿಳಿದಿದೆ.

ಆದರೆ ನಮ್ಮ ನಿಜವಾದ ಜಗಳ ಎರಡನೆಯವರೊಡನೆ. 1974ರಲ್ಲಿ ಬಿಳಿಗಿರಿಯು ವನ್ಯಧಾಮವಾಯಿತು. ಸೋಲಿಗರ ಪೋಡುಗಳನ್ನು ಎಬ್ಬಿಸಿದರು, ಅವರ ಬೇಸಾಯವನ್ನು ನಿಲ್ಲಿಸಿದರು. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿ ಬಂದ ತರುವಾಯ ಕಾಡಿನ ಉತ್ಪನ್ನಗಳ ಸಂಗ್ರಹವೂ ನಿಂತಿತು. ಸಾಮುದಾಯಿಕ ಅರಣ್ಯಹಕ್ಕಿನ ಪತ್ರ ಕೈಗೆ ಬಂದುದು 2011ರಲ್ಲಿ. ಅದೇ ವರ್ಷ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ನಾಟಿ ವೈದ್ಯನ ವಿದ್ಯೆ ತಾಳೆಗರಿಯಲ್ಲಿಲ್ಲ, ಕಾಡು ಸುತ್ತುವ ಕಾಲಿನಲ್ಲಿದೆ. ಮೊಮ್ಮಗನನ್ನು ಕರೆದುಕೊಂಡು ಹೋಗಿ ಗಿಡವನ್ನು ಮುಟ್ಟಿ ತೋರಿಸಲಾಗದ ಮೇಲೆ ಆ ವಿದ್ಯೆ ಉಳಿಯುವ ಬಗೆ ಹೇಗೆ? ಮದ್ದಿನ ಕಾಡಿನ ಬಾಗಿಲನ್ನು ಮುಚ್ಚಿದವರೇ ಈಗ "ಇವರೇಕೆ ಅಂಗಡಿಗೆ ಹೋದರು?" ಎಂದು ಕೇಳುವುದು ವಿಚಿತ್ರ!

ಅಂಗಡಿಯಲ್ಲಿ ನಡೆಯುವುದಾದರೂ ಏನು? ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಪ್ರಬಲ ಪ್ರತಿಜೀವಕಗಳನ್ನು 2014ರಿಂದ ಎಚ್-1 ಅನುಸೂಚಿಯಲ್ಲಿ ಸೇರಿಸಿದ್ದಾರೆ. ಕಾನೂನು ಕಾಗದದಲ್ಲಿದೆ, ಗುಳಿಗೆ ಬಿಡಿಬಿಡಿಯಾಗಿ ಮಾರಾಟದಲ್ಲಿದೆ. ಐದು ದಿನದ ಮದ್ದಿಗೆ ಕಾಸಿಲ್ಲದ ಕೂಲಿಯು ಎರಡು ದಿನದ್ದನ್ನು ಕೊಳ್ಳುತ್ತಾನೆ. ಜ್ವರ ಇಳಿದೊಡನೆ ಕೆಲಸಕ್ಕೆ ಹೋಗುತ್ತಾನೆ. ಅರೆಮಾತ್ರೆಯಿಂದ ಸೂಕ್ಷ್ಮಾಣುಗಳು ಮದ್ದಿಗೆ ಬಗ್ಗದಂತಾಗುವುವೆಂದು ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯನೇ 1945ರಲ್ಲಿ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದನು. ಆ ಎಚ್ಚರವನ್ನು ಕೂಲಿಕಾರನಿಗೆ ಹೇಳುವವರು ಪೋಡಿನ ಸಮೀಪದಲ್ಲಿ ಯಾರಿದ್ದಾರೆ?

ನೆಗಡಿಗೂ ಪ್ರತಿಜೀವಕ ಬೇಡುವ ಪೇಟೆಯ ವಿದ್ಯಾವಂತನಿಗೆ ಈ ನೆಪವೂ ಇಲ್ಲ. ಕೋಳಿಗಳನ್ನು ಕೊಬ್ಬಿಸಲು ಕೊಲಿಸ್ಟಿನ್ ಎಂಬ ಕಟ್ಟಕಡೆಯ ಮದ್ದನ್ನೂ ಮೇವಿಗೆ ಬೆರಸುತ್ತಿದ್ದರು. 2019ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಮದ್ದಿಗೆ ಬಗ್ಗದ ಸೋಂಕುಗಳಿಂದಲೇ ಅದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಸತ್ತರೆಂದು ಲೆಕ್ಕ. ಅದರ ಹೊಣೆಯನ್ನು ಬೆಟ್ಟದ ಮೇಲಿನ ಪೋಡುಗಳ ತಲೆಗೆ ಕಟ್ಟುವುದೆ?

ವೈದ್ಯರು ಕಾಡಿಗೆ ಹೋಗಲಾರರೆಂಬ ಮಾತೂ ಸಲ್ಲದು. ಡಾಕ್ಟರ್ ಸುದರ್ಶನರು 1981ರಲ್ಲಿ ಇದೇ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅಂಥವರು ಪ್ರತಿಯೊಂದು ಕಾಡಿಗೂ ದೊರೆಯಲಿ ಎಂದು ಕಾದು ಕೂರುವುದು ಸರಕಾರಕ್ಕೆ ಒಪ್ಪುವ ಕೆಲಸವಲ್ಲ. ಪೋಡುಗಳಿಗೆ ನಡೆದು ಹೋಗಬಲ್ಲಷ್ಟು ದೂರದಲ್ಲಿ ದಾದಿಯೊಬ್ಬಳಿರಲಿ, ಪೂರ್ತಿ ಮಾತ್ರೆಯ ಮದ್ದು ಅಲ್ಲಿ ಧರ್ಮಾರ್ಥವಾಗಿ ಸಿಗಲಿ. ನಾಟಿ ವೈದ್ಯನೂ ಅವಳೂ ಒಬ್ಬರ ರೋಗಿಯನ್ನು ಇನ್ನೊಬ್ಬರಲ್ಲಿಗೆ ಕಳುಹಿಸುವಷ್ಟು ಪರಿಚಿತರಾಗಲಿ. ನಮ್ಮ ಸಂಘದಲ್ಲಿ ಈ ವಿಷಯವಾಗಿ ಮತ್ತೊಮ್ಮೆ ಉಪನ್ಯಾಸ ಏರ್ಪಟ್ಟರೆ, ವೇದಿಕೆಯ ಮೇಲೆ ಸೋಲಿಗರ ಹಿರಿಯರೊಬ್ಬರಿಗೂ ಕುರ್ಚಿ ಹಾಕಿಸಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇವೆ.