ಹೆಸರು ಹೇಳದ ಚೆಲುವೆ

ಚಳಿಗಾಲದ ಒಂದು ಹಗಲು. ರಷ್ಯದ ಅಂದಿನ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನ ನೆವ್‌ಸ್ಕಿ ರಾಜಬೀದಿ ಮಂಜಿನಲ್ಲಿ ಮಸುಕಾಗಿದೆ. ತೆರೆದ ಸಾರೋಟಿನಲ್ಲಿ ಒಬ್ಬಳೇ ಕುಳಿತ ತರುಣಿ ನಮ್ಮತ್ತ ಮುಖ ತಿರುಗಿಸಿದ್ದಾಳೆ. ಕಪ್ಪು ಟೊಪ್ಪಿಗೆಯ ಮೇಲೆ ಬಿಳಿಯ ಗರಿ. ತುಪ್ಪುಳಿನ ಅಂಚಿನ ನಿಲುವಂಗಿಗೆ ನೀಲಿ ರೇಷ್ಮೆಯ ಪಟ್ಟಿ. ಕೈಯಲ್ಲಿ ಚಿನ್ನದ ಕಡಗ. ಬಾಗಿದ ರೆಪ್ಪೆಗಳ ಕೆಳಗಿನ ಆ ನೋಟ ಗರ್ವದ್ದೊ, ದುಃಖದ್ದೊ?

ಇವಾನ್ ಕ್ರಾಮ್ಸ್ಕೊಯ್ 1883ರಲ್ಲಿ ರಚಿಸಿದ ಈ ತೈಲಚಿತ್ರದ ಹೆಸರು ‘ಅಪರಿಚಿತೆ’. ಅವಳಾರೆಂಬುದನ್ನು ಆತ ಎಲ್ಲಿಯೂ ಬರೆದಿಡಲಿಲ್ಲ.

ಕ್ರಾಮ್ಸ್ಕೊಯ್ ಸಣ್ಣ ಊರಿನ ಗುಮಾಸ್ತನ ಮಗ. ಪುರಾಣದ ವಿಷಯವನ್ನೇ ಚಿತ್ರಿಸಬೇಕೆಂಬ ಕಲಾ ಅಕಾಡೆಮಿಯ ಕಟ್ಟಳೆಯನ್ನು ಧಿಕ್ಕರಿಸಿ 1863ರಲ್ಲಿ ಹೊರನಡೆದ 14 ಮಂದಿಗೆ ಆತನೇ ಮುಂದಾಳು. ಕಣ್ಣೆದುರಿನ ಬಾಳನ್ನು ಇದ್ದಂತೆ ಚಿತ್ರಿಸುವುದು, ಆ ಚಿತ್ರಗಳನ್ನು ಊರೂರಿಗೆ ಒಯ್ದು ತೋರಿಸುವುದು ಅವನ ಬಳಗದ ವ್ರತವಾಯಿತು.

ಆ ಬಳಗದ ಪ್ರದರ್ಶನದಲ್ಲಿಯೇ ಅಪರಿಚಿತೆ ಜನರ ಮುಂದೆ ಬಂದಳು. ಹೆಸರು ತಿಳಿಯದ ಜನ ಅವಳ ಉಡುಪನ್ನು ಓದತೊಡಗಿದರು. ಹೊಸ ಬೆಡಗನ್ನೆಲ್ಲ ಒಮ್ಮೆಗೇ ತೊಟ್ಟು, ಜೊತೆಗಾರರಿಲ್ಲದೆ ಸಾರೋಟಿನಲ್ಲಿ ತಿರುಗುವವಳು ಮಾನವಂತ ಮನೆತನದವಳಾಗಿರಲಾರಳೆಂದು ಹಲವರು ತೀರ್ಪಿತ್ತರು. ಕಲಾಸಂಗ್ರಾಹಕ ಪಾವೆಲ್ ಟ್ರೆಟ್ಯಾಕೋವ್ ಕೂಡ ಚಿತ್ರವನ್ನು ಕೊಳ್ಳಲಿಲ್ಲ. ನಾಡಿನ ಹೆಸರಾಂತ ವ್ಯಕ್ತಿಗಳ ಭಾವಚಿತ್ರಗಳನ್ನು ಸಂಗ್ರಹಿಸುತ್ತಿದ್ದವನು ಆತ. ಅವನ ಬಯಕೆಯಂತೆಯೇ ಕ್ರಾಮ್ಸ್ಕೊಯ್ 1873ರಲ್ಲಿ ಟಾಲ್‌ಸ್ಟಾಯ್ ಅವರ ಚಿತ್ರ ಬರೆದಿದ್ದ. ಟಾಲ್‌ಸ್ಟಾಯ್ ಆಗ ‘ಅನ್ನಾ ಕರೇನಿನಾ’ ಕಾದಂಬರಿಯಲ್ಲಿ ತೊಡಗಿದ್ದರು. ಮುಂದೆ ಅನೇಕರು ಅಪರಿಚಿತೆಯನ್ನು ಆ ನತದೃಷ್ಟ ಅನ್ನಾಳೆಂದೇ ಕರೆದರು. ನಿಂದಿಸಿದವರಿಗೂ ಮರುಗಿದವರಿಗೂ ಹೆಸರಿಲ್ಲದ ಮುಖವನ್ನು ಹಾಗೆಯೇ ಬಿಡುವುದು ಸಾಧ್ಯವಾಗಲಿಲ್ಲ.

1887ರಲ್ಲಿ, ವೈದ್ಯನೊಬ್ಬನ ಭಾವಚಿತ್ರ ಬರೆಯುತ್ತಿದ್ದಾಗಲೇ ಕ್ರಾಮ್ಸ್ಕೊಯ್ ಕುಸಿದು ಪ್ರಾಣಬಿಟ್ಟ. ಗುಟ್ಟು ಅವನೊಡನೆಯೇ ಹೋಯಿತು. ಖಾಸಗಿ ಸಂಗ್ರಹದಲ್ಲಿದ್ದ ಚಿತ್ರ ಕ್ರಾಂತಿಯ ತರುವಾಯ ಸರ್ಕಾರದ ವಶವಾಗಿ, 1925ರಲ್ಲಿ ಮಾಸ್ಕೋದ ಟ್ರೆಟ್ಯಾಕೋವ್ ಕಲಾಶಾಲೆಯನ್ನು ಸೇರಿತು. ಅಂದು ಕೊಳ್ಳಲೊಲ್ಲದವನ ಹೆಸರಿನ ಮನೆಯಲ್ಲಿಯೇ, ಟಾಲ್‌ಸ್ಟಾಯ್ ಅವರ ಚಿತ್ರವಿರುವ ಸೂರಿನಡಿಯಲ್ಲಿಯೇ, ಅವಳಿಗೂ ನೆಲೆ ದೊರೆಯಿತು.

ಚಿತ್ರದ ಮುಂದೆ ನಿಂತವರಿಗೆ ಒಂದು ಸಂಗತಿ ಬೇಗನೆ ಹೊಳೆಯುತ್ತದೆ. ಕಲಾವಿದ ಅವಳನ್ನು ಸಾರೋಟಿನ ಎತ್ತರದಲ್ಲಿ ಕೂರಿಸಿ, ನೋಡುವವರನ್ನು ಬೀದಿಯಲ್ಲಿ ನಿಲ್ಲಿಸಿದ್ದಾನೆ. ಅಳೆಯುತ್ತಿರುವವರು ನಾವೆಂದು ತಿಳಿದರೆ, ಆ ಕಣ್ಣುಗಳು ನಮ್ಮನ್ನೇ ಅಳೆಯುತ್ತಿರುತ್ತವೆ.