ಯಾರು ಯಾರನ್ನು ಕ್ಷಮಿಸಬೇಕು?

2013ನೆಯ ಇಸವಿಯ ಡಿಸೆಂಬರ್ 24ರಂದು, ಎಂದರೆ ಕ್ರಿಸ್ತಜಯಂತಿಯ ಮುನ್ನಾದಿನ, ಇಂಗ್ಲೆಂಡಿನ ರಾಣಿಯವರು ತಮ್ಮ ಪರಮಾಧಿಕಾರವನ್ನು ಬಳಸಿ, ಸತ್ತು 59 ವರ್ಷಗಳಾಗಿದ್ದ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞನನ್ನು ಕ್ಷಮಿಸಿದರು. ಔದಾರ್ಯದ ಕಾರ್ಯವೆಂದು ಬಹುಜನ ಇದನ್ನು ಕೊಂಡಾಡಿದರು. ನನಗೆ ಮಾತ್ರ ಆ ವಾರ್ತೆಯಿಂದ ಹುಟ್ಟಿದುದು ಸಂತೋಷವಲ್ಲ, ಒಂದು ವ್ಯಾಕರಣದ ಸಂದೇಹ: 'ಕ್ಷಮಿಸು' ಎಂಬ ಧಾತುವಿಗೆ ಇಲ್ಲಿ ಕರ್ತೃವಾಗತಕ್ಕವರು ಯಾರು, ಕರ್ಮವಾಗತಕ್ಕವರು ಯಾರು? ಅನ್ಯಾಯವನ್ನೆಸಗಿದ ಪ್ರಭುತ್ವವು ಪ್ರಥಮಾ ವಿಭಕ್ತಿಯಲ್ಲಿ ಗಂಭೀರವಾಗಿ ಕುಳಿತು, ಅದನ್ನುಂಡು ಸತ್ತವನನ್ನು ದ್ವಿತೀಯೆಯಲ್ಲಿ ನಿಲ್ಲಿಸಿದ ಈ ವಾಕ್ಯವು ವೈಯಾಕರಣರ ದೃಷ್ಟಿಗೆ ಶುದ್ಧವಾಗಿರಬಹುದು. ಧರ್ಮದ ದೃಷ್ಟಿಗೆ ಅದು ತಲೆಕೆಳಗಾದ ವಾಕ್ಯ.

ನಡೆದ ಸಂಗತಿ ಬಹುಮಂದಿಗೆ ತಿಳಿದುದೇ. ಎರಡನೆಯ ಮಹಾಯುದ್ಧ ಘೋಷಣೆಯಾದ ಮರುದಿನವೇ ಬ್ಲೆಚ್ಲಿ ಪಾರ್ಕಿನ ಗುಪ್ತಕಾರ್ಯಾಲಯವನ್ನು ಸೇರಿದ ಟ್ಯೂರಿಂಗನು, ಪೋಲೆಂಡಿನ ಮೂವರು ಗಣಿತಜ್ಞರು ಹಾಕಿಕೊಟ್ಟಿದ್ದ ಅಡಿಗಲ್ಲಿನ ಮೇಲೆ ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಬಿಡಿಸುವ ಯಂತ್ರವನ್ನು ರೂಪಿಸಿ, ಅಟ್ಲಾಂಟಿಕ್ ಸಾಗರದಲ್ಲಿ ಆಹಾರದ ಹಡಗುಗಳನ್ನು ಬೇಟೆಯಾಡುತ್ತಿದ್ದ ಜಲಾಂತರ್ಗಾಮಿಗಳ ಸಂದೇಶಗಳನ್ನು ತನ್ನವರು ಓದುವಂತೆ ಮಾಡಿದನು. 1946ರಲ್ಲಿ ಅವನಿಗೊಂದು ಬಿರುದು ಬಂದಿತು. ಏತಕ್ಕಾಗಿ ಎಂಬುದನ್ನು ಹೊರಗೆ ಹೇಳುವಂತಿರಲಿಲ್ಲ.

1952ರ ಜನವರಿಯಲ್ಲಿ ಅವನ ಮನೆಯಲ್ಲಿ ಕಳವಾಯಿತು. ಸಾಮಾನ್ಯ ಗೃಹಸ್ಥನಂತೆ ಅವನು ಪೋಲೀಸರಿಗೆ ದೂರಿತ್ತನು. ವಿಚಾರಣೆಯ ನಡುವೆ, ತನಗೂ ಹತ್ತೊಂಬತ್ತು ವರ್ಷದ ಒಬ್ಬ ತರುಣನಿಗೂ ಇದ್ದ ಪ್ರಣಯಸಂಬಂಧವನ್ನು, ಅದರಲ್ಲಿ ಮುಚ್ಚಿಡತಕ್ಕದ್ದೇನಿದೆಯೆಂಬ ಭಾವದಿಂದ, ಬಾಯಿಬಿಟ್ಟು ಹೇಳಿದನು. ಕಳ್ಳನನ್ನು ಹಿಡಿಯಿರೆಂದು ಕರೆದವನೇ ಕಟಕಟೆಯನ್ನೇರಿದನು. 1885ರ ಶಾಸನದಂತೆ ಅವನು ಅಪರಾಧಿಯೆಂದು ನಿರ್ಣಯವಾಗಿ, ಸೆರೆಮನೆಗೆ ಬದಲಾಗಿ ಒಂದು ವರ್ಷ ಕಾಲ ಕೃತಕ ಸ್ತ್ರೀ ಹಾರ್ಮೋನನ್ನು ದೇಹದೊಳಕ್ಕೆ ಸೇರಿಸಿಕೊಳ್ಳಬೇಕಾಯಿತು. ಸರ್ಕಾರದ ಗೂಢಲಿಪಿಯ ಕೆಲಸದಿಂದಲೂ ಅವನನ್ನು ದೂರವಿಟ್ಟರು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡಿನಿಂದ ಅವನು ಸತ್ತನು. ಮರಣವಿಚಾರಣೆ ಆತ್ಮಹತ್ಯೆಯೆಂದು ತೀರ್ಮಾನಿಸಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಲ್ಲಿ ಯಾರಿಗಾದರೂ ನೆನಪಾಗುವುದು ಸಹಜ; ಕ್ಷಮಾದಾನಕ್ಕಾಗಿ ಹೋರಾಡಿದ ಸಜ್ಜನರ ವಾದವೆಲ್ಲ ಬಹುಮಟ್ಟಿಗೆ ಈ ಗಾದೆಯ ವಿಸ್ತರಣೆಯೇ. ದೇಶವನ್ನುಳಿಸಿದವನಿಗೆ ದೇಶವು ಹೀಗೆ ಮಾಡಬಹುದೇ, ಎಂದರು. ನಾನು ಒಪ್ಪದಿರುವುದು ಈ ಪ್ರಶ್ನೆಯನ್ನೇ. ಬ್ರಿಟನ್ನಿನ ಪಾಪವನ್ನು ಕೃತಘ್ನತೆಯೆಂದು ಕರೆದೊಡನೆ ಅದು ಅರ್ಧಕ್ಕರ್ಧ ಹಗುರವಾಗಿಬಿಡುತ್ತದೆ. ಏಕೆಂದರೆ, ಉಪಕಾರ ಮಾಡದಿದ್ದವನಿಗೆ ಹಾಗೆ ಮಾಡಬಹುದಾಗಿತ್ತೆಂಬ ಅರ್ಥ ಅದರ ಬೆನ್ನಿಗೇ ಬರುತ್ತದೆ. ಟ್ಯೂರಿಂಗನು ಒಂದೇ ಒಂದು ಗೂಢಲಿಪಿಯನ್ನೂ ಬಿಡಿಸದೆ, ಯಾವುದೋ ಊರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನಾಗಿದ್ದರೆ ಆ ಔಷಧವು ಅವನ ಮೈಗೆ ಹಿತವಾಗುತ್ತಿತ್ತೇ? ಅವನೊಡನೆ ಅದೇ ನ್ಯಾಯಾಲಯದಲ್ಲಿ ನಿಂತಿದ್ದ ಆ ತರುಣನು ಯಾವ ಯುದ್ಧವನ್ನೂ ಗೆದ್ದುಕೊಟ್ಟಿರಲಿಲ್ಲ. 2013ರ ರಾಜಪತ್ರದಲ್ಲಿ ಅವನ ಹೆಸರೂ ಇರಲಿಲ್ಲ. ಎಣಿಕೆಯೊಂದರ ಪ್ರಕಾರ 49,000ದಷ್ಟಿದ್ದ ಉಳಿದ ಶಿಕ್ಷಿತರ ಹೆಸರೂ ಇರಲಿಲ್ಲ.

ಇದಕ್ಕೆ ಮುನ್ನ, 2012ರಲ್ಲಿ, ಮಂತ್ರಿಗಳಾದ ಮ್ಯಾಕ್‌ನಾಲಿಯವರು ಕ್ಷಮಾದಾನದ ಬೇಡಿಕೆಯನ್ನು ತಳ್ಳಿಹಾಕಿ, ಅಂದಿನ ಕಾನೂನಿನಂತೆ ಅದು ಅಪರಾಧವೇ ಆಗಿದ್ದುದರಿಂದ ಶಿಕ್ಷೆ ಕ್ರಮಬದ್ಧವೆಂದು ವಾದಿಸಿದ್ದರು. ಕಾನೂನೇ ಕಳಂಕಿತವಾಗಿರುವಾಗ ಕ್ರಮಬದ್ಧತೆಯು ಆ ಕಳಂಕಕ್ಕೆ ಹಾಕಿದ ಮೊಹರಲ್ಲದೆ ಮತ್ತೇನು? ಆದರೂ ನಿಷ್ಠುರವಾದ ಈ ಮಾತಿನಲ್ಲಿ, ಮರುವರ್ಷದ ಔದಾರ್ಯದಲ್ಲಿಲ್ಲದ ಒಂದು ಪ್ರಾಮಾಣಿಕತೆ ಇತ್ತು. ಇಂಥ ಕ್ಷಮಾದಾನವು ವಾಡಿಕೆಯಂತೆ ದೊರೆಯುವುದು, ಶಿಕ್ಷಿತನು ನಿರಪರಾಧಿಯೆಂದು ಕಂಡುಬಂದು, ಅವನ ಕುಟುಂಬದವರೋ ಸಂಬಂಧಪಟ್ಟವರೋ ಬೇಡಿದಾಗ. ಟ್ಯೂರಿಂಗನ ವಿಷಯದಲ್ಲಿ ಈ ಎರಡು ನಿಬಂಧನೆಗಳನ್ನೂ ಬದಿಗಿಟ್ಟರು. ಎಂದರೆ, ನಿರಪರಾಧಿಯೆನ್ನದೆಯೇ ಕ್ಷಮಿಸಿದರು! ಅಂಥ ಕ್ಷಮೆಯಿಂದ ದೋಷನಿರ್ಣಯವೂ ಅಳಿಯುವುದಿಲ್ಲ. ಪ್ರಧಾನಮಂತ್ರಿ ಗಾರ್ಡನ್ ಬ್ರೌನರು 2009ರಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿ ಆ ಕ್ರಿಯಾಪದವನ್ನು ಸರಿಯಾದ ದಿಕ್ಕಿಗೆ ತಿರುಗಿಸಿದ್ದರು. ನಾಲ್ಕೇ ವರ್ಷಗಳಲ್ಲಿ ಅದು ಮತ್ತೆ ಹಳೆಯ ದಿಕ್ಕಿಗೇ ಹೊರಳಿತು.

ನಾವು ನಗುವ ಸ್ಥಿತಿಯಲ್ಲೇನೂ ಇರಲಿಲ್ಲ. ಆ ಕ್ಷಮಾದಾನಕ್ಕೆ ಹದಿಮೂರು ದಿನಗಳ ಹಿಂದೆ, ಅದೇ ಡಿಸೆಂಬರ್ 11ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯವು, ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿದಿತ್ತು: ಆಂಗ್ಲರು 1860ರಲ್ಲಿ ನಮಗೆ ಕೊಟ್ಟುಹೋದದ್ದು, ಟ್ಯೂರಿಂಗನ ತಂದೆಯು ಮದರಾಸು ಆಧಿಪತ್ಯದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದಾಗಲೂ ಜಾರಿಯಲ್ಲಿದ್ದದ್ದು. ಅದು ಪರಸ್ಪರ ಒಪ್ಪಿದ ವಯಸ್ಕರ ಮೇಲಿನ ಹಿಡಿತವನ್ನು ಸಡಿಲಿಸಿದುದು 2018ರಲ್ಲಿ. ಆದರೆ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಇತಿಹಾಸವೇ ಈ ಜನರ ಮತ್ತು ಇವರ ಕುಟುಂಬಗಳ ಕ್ಷಮೆ ಕೇಳಬೇಕಾಗಿದೆಯೆಂಬ ಅರ್ಥದಲ್ಲಿ ಬರೆದರು. ಅಲ್ಲಿ ಕರ್ತೃವೂ ಕರ್ಮವೂ ತಮ್ಮ ತಮ್ಮ ಸ್ಥಾನದಲ್ಲಿದ್ದುವು.

ಬ್ರಿಟನ್ನಿನಲ್ಲಿ ಉಳಿದವರ ಸರದಿ ಬಂದುದು 2017ರ ಶಾಸನದಿಂದ. ಜನ ಅದನ್ನು ಕರೆದುದು ಟ್ಯೂರಿಂಗನ ಹೆಸರಿನಿಂದಲೇ. ಸತ್ತವರಿಗೆ ಕ್ಷಮೆ ತಾನಾಗಿ ಸಂದಿತು. ಬದುಕಿದ್ದವರು ಅರ್ಜಿ ಹಾಕಿ ಕಾಯಬೇಕಾಯಿತು. 1974ರಲ್ಲಿ ಶಿಕ್ಷೆಗೊಳಗಾಗಿದ್ದ ಜಾರ್ಜ್ ಮಾಂಟೆಗ್ಯೂ ಎಂಬವರು, ಕ್ಷಮಾದಾನವನ್ನು ಸ್ವೀಕರಿಸಿದರೆ ಅಪರಾಧವನ್ನೂ ಒಪ್ಪಿಕೊಂಡಂತಾಗುತ್ತದೆ, ತಮಗೆ ಬೇಕಾದುದು ಸರ್ಕಾರದ ಕ್ಷಮಾಯಾಚನೆ, ಎಂದು ಪಟ್ಟುಹಿಡಿದರು. ತೊಂಬತ್ತು ದಾಟಿದ್ದ ಆ ವೃದ್ಧರಿಗೆ ಯಾರೂ ವ್ಯಾಕರಣ ಹೇಳಿಕೊಟ್ಟಿರಲಿಲ್ಲ.