ಹೊಲಕ್ಕೆ ಕಲ್ಲು ನೆಡುವ ಮುನ್ನ

ಬಾಗಲಕೋಟೆ, ಇಳಕಲ್ಲುಗಳ ಹೊರವಲಯದ ಎರೆಹೊಲಗಳಲ್ಲಿ ಈಗ ಬಿಳಿಜೋಳದ ತೆನೆಗೆ ಬದಲಾಗಿ ಪ್ಲಾಟುಗಳ ಗಡಿಗಲ್ಲುಗಳು ತಲೆಯೆತ್ತಿವೆ. "ಹೊಲ ನನ್ನದು, ಮಾರಿದರೆ ನಿಮಗೇನು?" ಎಂದು ಕೆಲವರು ಕೇಳುವರು. ಹೊಲವು ಒಬ್ಬನದಾದರೂ ಅದರಲ್ಲಿ ಹರಿಯುವ ಮಳೆನೀರು ಒಬ್ಬನದಲ್ಲ. ಒಡ್ಡು ಹಾಕಿ ತೇವ ಹಿಡಿದು ಹಿಂಗಾರಿಯ ಜೋಳ, ಕಡಲೆ ಬೆಳೆಯುವ ಹುನಗುಂದದ ಒಕ್ಕಲುಮಗನು ಇದನ್ನು ಚೆನ್ನಾಗಿ ಬಲ್ಲನು. ಮೇಲಿನ ಹೊಲದ ಒಡ್ಡನ್ನೊಡೆದು ರಸ್ತೆ ಮಾಡಿದರೆ ಕೆಳಗಿನವನ ಮಣ್ಣು ಹಳ್ಳದ ಪಾಲೇ ಸರಿ!

ನಮ್ಮ ಸೀಮೆಯು ಮುಂಬಯಿ ಪ್ರಾಂತದಲ್ಲಿದ್ದಾಗ, 1947ರಲ್ಲಿ, ಹೊಲಗಳು ತುಂಡುತುಂಡಾಗುವುದನ್ನು ತಡೆಯಲು ಶಾಸನವೇ ಆಗಿದ್ದಿತು. ಇಂದು ಗಾಳಿ ತಿರುಗಿದೆ. 2020ರ ತಿದ್ದುಪಡಿಯಿಂದ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದಾಗಿದೆ. ಆಲಮಟ್ಟಿಯ ಹಿನ್ನೀರು ದಂಡೆಯ ಹೊಲಗಳನ್ನು ಈಗಾಗಲೇ ನುಂಗಿದೆ. ಉಳಿದುದನ್ನು ನಾವೇ ನುಂಗಬೇಕೆ?

ಮನೆಗಳು ಬೇಡವೆಂದು ನಮ್ಮ ವಾದವಲ್ಲ. ಮುಳುಗಡೆಯವರಿಗೆ ಮೊದಲು ನೆರಳು ದೊರೆಯಲಿ. ನಾವು ಬೇಡುವುದು ಎರಡೇ ವರುಷಗಳ ತಡೆ. ಅಷ್ಟರೊಳಗೆ ಬಾದಾಮಿ ಮೊದಲಾದ ತಾಲೂಕುಗಳಲ್ಲಿ ಪಾಳುಬಿದ್ದ ಪ್ಲಾಟುಗಳ ಎಣಿಕೆಯಾಗಲಿ, ಎರೆಭೂಮಿಯ ಹಾಗೂ ಹಳ್ಳಗಳ ನಕಾಶೆ ಸಿದ್ಧವಾಗಲಿ. ಅಲ್ಲಿಯ ತನಕ ಜಿಲ್ಲಾಧಿಕಾರಿಗಳು ಹೊಸ ಬಿನ್‌ಶೇತ್ಕಿಗೆ ಅಪ್ಪಣೆ ಕೊಡತಕ್ಕದ್ದಲ್ಲ. ಇಂದು ನಿಂತ ಮನೆಯ ಕೆಲಸವನ್ನು ನಾಳೆ ಮುಗಿಸಬಹುದು. ಕಲ್ಲು ನೆಟ್ಟು ಕೆಟ್ಟ ಎರೆಯನ್ನು ಯಾವ ನೇಗಿಲೂ ಮರಳಿ ತರಲಾರದು.